ಎದುರು ತಂಡ

ಬಾದಾಮಿ
೧೯ ಸೆಪ್ಟೆಂಬರ್ ೨೦೨೪

ರಾಮವ್ವನವರಿಗೆ,

ನಾನು ಸುಲಭಾ, ನಿಮ್ಮ ಮಗಳು ವಿದ್ಯಾಗ ಸಾಲಿಯೊಳಗ ಖೋ ಖೋ ಕಲಸ್ತಿದ್ದ ಟೀಚರ್. ಇದು ನಿಮಗ ಗೊತ್ತಿದ್ದದ್ದ. ಪತ್ರ ಹೆಂಗ ಸುರು ಮಾಡಬೇಕು ತಿಳೀಲಿಲ್ಲ, ಅದಕ್ಕ ಹೆಸರು ಬರದೆ.

ಫೋನ್ ಮಾಡಬಹುದಿತ್ತು. ಮೂರು ಸಲ ನಿಮ್ಮ ನಂಬರ್ ಒತ್ತಿ, ರಿಂಗ್ ಆಗೂದರೊಳಗ ಬಂದ್ ಮಾಡಿದೆ. ವಿದ್ಯಾನ ಮಣ್ಣಿಗೆ ಬಂದಾಗೂ ನಿಮ್ಮ ಬಾಗಲತನಕ ಬಂದು, ಹೊರಗ ನಿಂತು, ಹಂಗ ತಿರುಗಿ ಹೋದೆ. ಆಮ್ಯಾಲೆ ರಜಾ ಹಾಕಿ ಇಲ್ಲಿ ಅಣ್ಣ ಜಯತೀರ್ಥನ ಮನಿಗೆ ಬಂದೇನಿ. ಅವಾ ಕಾಲೇಜಿನೊಳಗ ಗಣಿತ ಕಲಸ್ತಾನ. ನನ್ನ ಏನೂ ಕೇಳೂದಿಲ್ಲ. ಊಟಕ್ಕ ಕರೀತಾನ, ಹೋಗಿ ಕೂಡ್ತೇನಿ.

ಆ ದಿನದ್ದು ನಿಮಗ ಯಾರ್ಯಾರೋ ಏನೇನೋ ಹೇಳಿರಬಹುದು. ನಾ ಕಂಡದ್ದು ಇಷ್ಟು. ಆಗಸ್ಟ್ ಹನ್ನೆರಡು, ಸಂಜಿ ಐದೂವರಿ. ತಾಲೂಕು ಪಂದ್ಯಕ್ಕ ಒಂಬತ್ತು ದಿನ ಉಳದಿತ್ತು. ಎಂಟು ಹುಡಿಗ್ಯಾರು ಕೂತಿದ್ರು, ವಿದ್ಯಾ ಓಡ್ತಿದ್ದಳು. ಆ ಕಡೆ ಕಂಬ ಸುತ್ತಿ ತಿರುಗೂ ಮುಂದ ಬಿದ್ದಳು. ಕಾಲು ಜಾರಿತು ಅಂತ ತಿಳದು ತಂಡದ ಜೋಹರಾ ನಕ್ಕಳು. ನಾನೂ 'ಏಳು' ಅಂದೆ. ಅಕಿ ಏಳಲಿಲ್ಲ. ಹೆಡ್‌ಮಾಸ್ತರ ಕಾರಿನೊಳಗ ಹುನಗುಂದಕ್ಕ ಹೋದ್ವಿ. ತಲಿ ನನ್ನ ತೊಡಿ ಮ್ಯಾಲೆ ಇತ್ತು. ದವಾಖಾನಿಯೊಳಗ ಡಾಕ್ಟರು ನೋಡಿ, ಹುಟ್ಟಿದಾಗಿಂದ ಹೃದಯದೊಳಗ ದೋಷ ಇದ್ದಿರಬೇಕು, ಹೊರಗ ಕಂಡಿಲ್ಲ ಅಂದ್ರು. ಆವಾಗ ಆರೂ ಇಪ್ಪತ್ತಾಗಿತ್ತು.

ಇದನ್ನ ನಾನ ಬಂದು ಹೇಳಬೇಕಿತ್ತು. ಹೇಳಲಿಲ್ಲ.

ಸುಲಭಾ


ಹಾಲದಿನ್ನಿ, ತಾ. ಹುನಗುಂದ
೧೧ ಅಕ್ಟೋಬರ್ ೨೦೨೪

ಅಕ್ಕೋರಿಗೆ ರಾಮವ್ವ ಮಾಡುವ ನಮಸ್ಕಾರ.

ನಿಮ್ಮ ಪತ್ರ ಮುಟ್ಟೇತಿ. ನಾ ಏಳನೇತ್ತ ಮಟಾ ಕಲತೀನಿ, ಓದಾಕ ಬರತೈತಿ. ಬರಿಯೂದ ಬಿಟ್ಟು ಭಾಳ ವರ್ಸ ಆತು, ತಪ್ಪಿದ್ರ ತಿದ್ದಿ ಓದ್ರಿ.

ನೀವು ಬಾಗಲತನಕ ಬಂದದ್ದ ನಂಗ ಗೊತ್ತಿಲ್ಲ. ಆವತ್ತ ಯಾರ ಬಂದ್ರು ಯಾರ ಹೋದ್ರು ಏನೂ ನೆನಪಿಲ್ಲ.

ನಮ್ಮ ಮನಿಯವರು ಕುರಿ ಹೊಡಕೊಂಡು ಮರೋಳದ ಕಡೆ ಹೋಗ್ಯಾರ. ಈ ವರ್ಸ ಹೋಗಬ್ಯಾಡ್ರಿ ಅಂತ ಮಂದಿ ಅಂದ್ರು. ಕುರಿ ಮನಿಯಾಗ ಕಟ್ಟಿ ಏನ ಮಾಡ್ಲಿ ಅಂದು ಹ್ವಾದ್ರು. ನಾ ಬ್ಯಾಡ ಅನ್ಲಿಲ್ಲ.

ನಿಮಗ ಒಂದ ವಿಷಯ ಹೇಳಬೇಕು. ದಿನಾ ಸಂಜಿ ಐದೂವರಿ ಆತಂದ್ರ ನಿಮ್ಮ ತಂಡದ ಹುಡಿಗ್ಯಾರು ಹನ್ನೊಂದೂ ಮಂದಿ ನಮ್ಮ ಮನಿಗೆ ಬರ್ತಾರ. ಕಟ್ಟಿ ಮ್ಯಾಲೆ ಸಾಲಾಗಿ ಕೂಡ್ತಾರ. ಮಾತಾಡೂದಿಲ್ಲ. ಹೊತ್ತ ಮುಣಗಿದ್ಮ್ಯಾಲೆ ಎದ್ದು ಹೋಗ್ತಾರ. ಮದಲಿನ ದಿನ ಚಾ ಕೊಟ್ಟಿದ್ನಿ, ಈಗ ದಿನಾ ಕೊಡ್ತೀನಿ. ಯಾಕ ಬರ್ತೀರಿ ಅಂತ ಕೇಳಿಲ್ಲ. ಅವೂ ಹೇಳಿಲ್ಲ.

ಸಾಲಿ ಬಯಲಿಗೆ ಯಾರೂ ಹೋಗೂದಿಲ್ಲ. ಹೆಣ್ಣಹುಡಿಗ್ಯಾರಿಗೆ ಇನ್ನ ಆಟ ಸಾಕು ಅಂತ ಊರಾಗ ಎಲ್ಲಾರೂ ಅಂದಾರ. ಕಂಬ ಎರಡೂ ಹಂಗ ನಿಂತಾವ.

ನೀವು ಹೊತ್ತಿಗೆ ಸರಿಯಾಗಿ ಉಣ್ರಿ.

ರಾಮವ್ವ


ಬಾದಾಮಿ
೩ ನವೆಂಬರ್ ೨೦೨೪

ರಾಮವ್ವನವರಿಗೆ,

ನೀವು ನನ್ನ ಊಟದ ಬಗ್ಗೆ ಬರದೀರಿ. ಅದನ್ನ ಓದಿದ ಮ್ಯಾಲೆ ಇದನ್ನ ಬರೀದ ಇರಲಿಕ್ಕೆ ಆಗೂದಿಲ್ಲ.

ಹೋದ ಪತ್ರದೊಳಗ ನಾ ಎಲ್ಲಾ ಬರದಿಲ್ಲ. ಅವತ್ತ ವಿದ್ಯಾ ಒಂದು ಪಾಳಿ ಓಡಿ ಬಂದು ನನ್ನ ಹತ್ರ ನಿಂತಳು. "ಟೀಚರ್, ಎದಿ ಬಿಗದಂಗ ಆಗೇತ್ರಿ" ಅಂದಳು. ನಾ ಗಡಿಯಾರ ನೋಡ್ತಿದ್ದೆ. "ಇನ್ನೊಂದ ಪಾಳಿ ಓಡು, ಆಮ್ಯಾಲೆ ಕೂಡ್ರು" ಅಂದೆ. ಅಕಿ ಮುಖಾ ನಾ ನೋಡಲಿಲ್ಲ. ಅಕಿ ಹೋಗಿ ಓಡಿದಳು.

ಹದಿನಾರು ವರ್ಷದಿಂದ ಈ ಕೆಲಸ ಮಾಡ್ತೇನಿ. ಸುಸ್ತಾಗೇತಿ, ಕಾಲು ನೋಯ್ತಾವ, ಹೊಟ್ಟಿ ಹಿಡದದ ಅಂತ ದಿನಾ ಒಬ್ಬಾಕಿರೆ ಹೇಳ್ತಾಳ. ದಿನಾ ನಾ ಇದ ಮಾತು ಹೇಳ್ತೇನಿ. ಅವತ್ತೂ ಹೇಳಿದೆ. ಇದು ಹೆಡ್‌ಮಾಸ್ತರಿಗೆ ಗೊತ್ತಿಲ್ಲ. ಹುಡಿಗ್ಯಾರು ದೂರ ಇದ್ರು, ಅವರಿಗೂ ಕೇಳಿಲ್ಲ. ನಾ ಹೇಳದಿದ್ರ ಯಾರಿಗೂ ಗೊತ್ತಾಗೂದಿಲ್ಲ.

ನೀವು ನನಗ ಮರ್ಯಾದಿಯಿಂದ ಬರಿಯೂದಕ್ಕ ಮೊದಲು ಇದು ಗೊತ್ತಿರಬೇಕು. ಉತ್ತರ ಬರೀಬೇಕಂತ ಇಲ್ಲ.

ಸುಲಭಾ


ಬಾದಾಮಿ
೧೬ ಜನವರಿ ೨೦೨೫

ರಾಮವ್ವನವರಿಗೆ,

ಎರಡೂವರಿ ತಿಂಗಳಾತು, ನಿಮ್ಮ ಪತ್ರ ಬರಲಿಲ್ಲ. ಬರಲಿ ಅಂತ ಇದನ್ನ ಬರೀತಿಲ್ಲ.

ಬಾಗಲಕೋಟಿಯ ಶಿಕ್ಷಣ ಇಲಾಖೆ ಆಫೀಸಿನೊಳಗ ಒಂದು ಜಾಗಾ ಖಾಲಿ ಅದ. ಕುರ್ಚಿ ಕೆಲಸ. ಅದಕ್ಕ ಅರ್ಜಿ ಹಾಕೇನಿ. ನಿಮ್ಮೂರ ಸಾಲಿಗೆ ಬ್ಯಾರೆ ಆಟದ ಟೀಚರ್ ಬರ್ತಾರ. ನಿಮಗ ಬ್ಯಾರೆಯವರ ಬಾಯಿಂದ ತಿಳಿಯೂದು ಬ್ಯಾಡ ಅನಿಸ್ತು.

ದಿನಾ ಮುಂಜಾನೆ ಚೊಳಚಗುಡ್ಡದ ದಾರಿ ಹಿಡದು ನಡದು ಬರ್ತೇನಿ. ಹೋದದ್ದು ಬಂದದ್ದು ನೆನಪಿರೂದಿಲ್ಲ. ಮನಿಗೆ ಬಂದ ಮ್ಯಾಲೆ ಕಾಲಿಗೆ ಧೂಳು ಹತ್ತಿದ್ದು ನೋಡಿ, ಹೋಗಿದ್ದೆ ಅಂತ ಗೊತ್ತಾಗ್ತದ.

ಸುಲಭಾ


ಹಾಲದಿನ್ನಿ
೯ ಫೆಬ್ರವರಿ ೨೦೨೫

ಅಕ್ಕೋರ,

ನಿಮ್ಮ ಮ್ಯಾಲೆ ಸಿಟ್ಟಾಗಿ ಬರೀಲಿಲ್ಲ ಅಂತ ತಿಳಕೊಂಡೀರಿ. ಹಂಗಲ್ಲ.

ಅಕಿ ನಂಗೂ ಹೇಳಿದ್ಲು. ಜೂನದಾಗ ಒಮ್ಮೆ, ಕೊಡಾ ಹೊತ್ತು ಬರೂ ಮುಂದ. ಕಾರಹುಣ್ಣಿವಿ ಆದ್ಮ್ಯಾಲೆ ಇನ್ನೊಮ್ಮೆ. ಯವ್ವಾ ಎದಿ ಬಿಗಿತೈತಿ ಅಂದ್ಲು. ಟೀಚರಿಗೆ ಹೇಳ್ಲೇನು ಅಂತ ಅಕಿನ ಕೇಳಿದ್ಲು. ನಾ ಏನಂದ್ನಿ ಅಂದ್ರ, "ಹೇಳಬ್ಯಾಡ, ಹೇಳಿದ್ರ ತಂಡದಾಗಿಂದ ತಗೀತಾರ."

ಯಾಕ ಹಂಗಂದ್ನಿ ಅನ್ನೂದನ್ನೂ ಹೇಳ್ತೀನಿ. ನಮ್ಮ ಮನಿ ಬೀರಪ್ಪನ ಗುಡಿ ಹಿಂದ, ಊರಿನ ಕಡೀಕ ಐತಿ. ನಾ ಮದಿವ್ಯಾಗಿ ಬಂದು ಹದಿನೆಂಟ ವರ್ಸ. ಮನಿಯವರು ಆರ ತಿಂಗಳ ಕುರಿ ಹಿಂದ. ನೇಕಾರ ಓಣಿಯವರ ಹೆಸರ ನಂಗ ಗೊತ್ತಿರಲಿಲ್ಲ, ಅವರಿಗೆ ನಂದು ಗೊತ್ತಿರಲಿಲ್ಲ. ನಳದ ಹತ್ರ ಕಂಡ್ರ ಕೊಡಾ ಸರಸಿ ನಿಲ್ಲತಿದ್ವಿ, ಅಷ್ಟ. ವಿದ್ಯಾ ನಿಮ್ಮ ತಂಡಕ್ಕ ಸೇರಿದ್ಮ್ಯಾಲೆ ಹುನಗುಂದದ ಪಂದ್ಯಕ್ಕ ನೀವು ತಾಯಂದ್ರನ್ನೂ ಕರಕೊಂಡು ಹ್ವಾದ್ರಿ. ಟೆಂಪೋದಾಗ ಜೋಹರಾನ ತಾಯಿ ಕಾಸಿಂಬಿ ನನ್ನ ಬಾಜೂಕ ಕುಂತಿದ್ಲು. ರೊಟ್ಟಿ ಬಿಚ್ಚಿ ಅರ್ಧಾ ನನ್ನ ಕೈಯಾಗ ಇಟ್ಲು. ಕೆರಿ ಓಣಿ ಪದ್ಮವ್ವ ಅದರ ಮ್ಯಾಲೆ ಶೇಂಗಾ ಹಿಂಡಿ ಹಾಕಿದ್ಲು. ಆವತ್ತಿನಿಂದ ಅವರು ನಮ್ಮ ಮನಿಗೆ ಬರಾಕ ಹತ್ತಿದ್ರು, ನಾ ಅವರ ಮಗ್ಗದ ಮುಂದ ಹೋಗಿ ಕೂಡಾಕ ಹತ್ತಿದ್ನಿ.

ಅಕಿನ ತಂಡದಾಗಿಂದ ತಗದ್ರ ಅದೂ ಹೋಗತೈತಿ ಅಂತ ನಂಗ ಅನಿಸಿತ್ತು. ಮಗಳ ಸಲುವಾಗಿ ಅಲ್ಲ ಅಕ್ಕೋರ. ನನ್ನ ಸಲುವಾಗಿ ಹಂಗಂದ್ನಿ.

ನಿಮ್ಮ ಪತ್ರ ಬಂದಾಗ ಓದಿ ಕಂಬಳಿಯಾಗ ಸುತ್ತಿ ಇಟ್ನಿ. ನೀವು ಅಕಿ ಮಾತ ಒಂದ ಸಲ ಕೇಳಿ ಬಿಟ್ರಿ. ನಾ ಎರಡ ಸಲ ಕೇಳಿದ್ನಿ.

ಮನಿಯವರಿಗೆ ಇದು ಗೊತ್ತಿಲ್ಲ.

ರಾಮವ್ವ


ಬಾದಾಮಿ
೨೧ ಫೆಬ್ರವರಿ ೨೦೨೫

ರಾಮವ್ವನವರಿಗೆ,

ನಿಮ್ಮದು ತಪ್ಪಲ್ಲ ಅಂತ ಬರೀಲಿಕ್ಕೆ ಕೂತೆ. ಬರದ್ರ ಅದ ಮಾತು ನನಗೂ ಹೇಳಿಕೊಂಡಂಗ ಆಗ್ತದ. ಹಂಗಾಗಿ ಬರೀಲಿಲ್ಲ.

ನಿನ್ನೆ ಬಾಗಲಕೋಟಿಗೆ ಹೋಗಿ ಹೃದಯದ ಡಾಕ್ಟರನ್ನ ಕಂಡೆ. ಹೆಸರು ಹೇಳದ ಎಲ್ಲಾ ಹೇಳಿದೆ. ಮೊದಲ ತೋರಿಸಿದ್ರ ಗೊತ್ತಾಗತಿತ್ತೇನು ಅಂತ ಕೇಳಿದೆ. ಗೊತ್ತಾಗಬಹುದಿತ್ತು, ಆಗದನೂ ಇರಬಹುದಿತ್ತು ಅಂದ್ರು. ಫೀ ತಗೊಳ್ಳಲಿಲ್ಲ. ಹೊರಗ ಬಂದು ಬಸ್ ಸ್ಟ್ಯಾಂಡಿನೊಳಗ ನಾಲ್ಕು ಬಸ್ಸು ಬಿಟ್ಟು ಕೂತಿದ್ದೆ.

ಕೂತಾಗ ಒಂದು ವಿಚಾರ ಬಂತು. ಆ ಡಾಕ್ಟರು ತಿಂಗಳಿಗೊಮ್ಮೆ ಹುನಗುಂದಕ್ಕ ಬರ್ತಾರಂತ. ತಿರುಗಿ ದವಾಖಾನಿಗೆ ಹೋಗಿ, ಹನ್ನೊಂದು ಹುಡಿಗ್ಯಾರನ್ನ ನೋಡ್ರಿ ಅಂತ ಕೇಳಿದೆ. ಮಾರ್ಚ್ ಎಂಟನೇ ತಾರೀಖು, ಮುಂಜಾನೆ ಹತ್ತಕ್ಕ ಬರ್ರಿ ಅಂದ್ರು. ತಾಯಂದ್ರು ಜೊತಿಗಿರಬೇಕು. ನಾ ಅಲ್ಲಿಗೆ ಬರೂದಿಲ್ಲ, ಬರಲಿಕ್ಕೆ ಆಗೂದಿಲ್ಲ. ಕಾಸಿಂಬಿಯವರಿಗೆ, ಪದ್ಮವ್ವನವರಿಗೆ ನೀವು ಹೇಳ್ರಿ. ನೀವು ಹೇಳಿದ್ರ ಯಾರೂ ಇಲ್ಲ ಅನ್ನೂದಿಲ್ಲ.

ನಿಮಗ ಇದನ್ನ ಮಾಡ್ರಿ ಅಂತ ಹೇಳೂದು ಎಷ್ಟು ಕಠಿಣ ಅಂತ ಗೊತ್ತದ. ಬ್ಯಾರೆ ಯಾರಿಗೆ ಹೇಳಲಿ ತಿಳೀಲಿಲ್ಲ.

ಸುಲಭಾ


ಹಾಲದಿನ್ನಿ
೬ ಏಪ್ರಿಲ್ ೨೦೨೫

ಅಕ್ಕೋರ,

ಹೋಗಿ ಬಂದ್ವಿ. ಹನ್ನೊಂದ ಹುಡಿಗ್ಯಾರು, ಒಂಬತ್ತ ಮಂದಿ ತಾಯಂದ್ರು, ಒಂದ ಟೆಂಪೋ. ಡಾಕ್ಟರು ಎಲ್ಲಾರ ಎದಿಗೂ ತಂತಿ ಹಚ್ಚಿ ನೋಡಿದ್ರು. ನಾಕ ಮಂದಿಗೆ ರಕ್ತ ಕಡಿಮಿ ಐತಿ, ಗುಳಿಗಿ ಕೊಟ್ರು. ಹೃದಯ ಎಲ್ಲಾರದೂ ಚಲೋ ಐತಿ ಅಂದ್ರು. ತಾಯಂದ್ರು ಒಬ್ಬರ ಮಾರಿ ಒಬ್ಬರು ನೋಡಿ ಕಣ್ಣೀರ ಒರಸಿಕೊಂಡ್ರು.

ನಂಗ ಏನೂ ಅನಿಸ್ಲಿಲ್ಲ. ಮನಿಗೆ ಬಂದ್ಮ್ಯಾಲೆ ಸಿಟ್ಟ ಬಂತು. ಎಲ್ಲಾರದೂ ಚಲೋ ಐತಿ. ಎಲ್ಲಾರದೂ. ಮರುದಿನ ಸಂಜೀಕ ಹುಡಿಗ್ಯಾರು ಬಂದಾಗ ನಾ ಬಾಗಲಾ ತಗೀಲಿಲ್ಲ. ಎಂಟ ದಿನ ತಗೀಲಿಲ್ಲ. ಅವು ಬಂದು ಹೊರಗ ಕೂಡತಿದ್ವು. ಒಳಗ ಕುಂತು ಅವರು ಕೆಮ್ಮೂದು, ಕಾಲ ಬದಲಿ ಮಾಡೂದು ಎಲ್ಲಾ ಕೇಳತಿದ್ನಿ.

ಒಂಬತ್ತನೇ ದಿನಾ ಬಾಗಲಾ ತಗದು, "ಇಲ್ಲಿ ಕುಂತ ಏನ ಮಾಡ್ತೀರಿ, ಬಯಲಿಗೆ ಹೋಗ್ರಿ" ಅಂದ್ನಿ. ಬೈದ ಅಂದ್ನಿ. ಅವು ಎದ್ದು ನಿಂತ್ವು, ಹೋಗ್ಲಿಲ್ಲ. ಜೋಹರಾ ತೆಳಗ ನೋಡಿ, "ನಾವು ಇದ್ದವ್ರು ಹನ್ನೊಂದ ಮಂದಿ. ಎದುರು ತಂಡ ಯಾರು ಅತ್ತಿ?" ಅಂದ್ಲು. ಮದಲ ನೀವು ಎಂಟನೇತ್ತದ ಹುಡಿಗ್ಯಾರನ್ನ ಎದುರು ಹಾಕತಿದ್ರಂತ. ಈಗ ಅವರ ಮನ್ಯಾಗ ಯಾರೂ ಕಳಸೂದಿಲ್ಲ.

ನಾ ಯಾಕ ಹಂಗಂದ್ನೋ ಗೊತ್ತಿಲ್ಲ. ನಾವ ನಿಲ್ಲತೀವಿ ಅಂದ್ನಿ.

ಹೋಗಿ ಕಾಸಿಂಬಿನ್ನ ಮಗ್ಗದಿಂದ ಎಬ್ಬಿಸಿದ್ನಿ. ಅಕಿ ಒಂದ ಮಾತ ಕೇಳಲಿಲ್ಲ, ಎದ್ದು ಬಂದ್ಲು. ಪದ್ಮವ್ವ, ಶಿವಲಿಂಗವ್ವ, ಸುನಂದಾ, ಎಲ್ಲಾ ಕೂಡಿ ಒಂಬತ್ತ ಮಂದಿ ಆದ್ವಿ. ಕಚ್ಚಿ ಹಾಕಿಕೊಂಡು ಗೆರಿ ಮ್ಯಾಲೆ ಕುಂತ್ವಿ. ಒಬ್ಬಾಕಿ ಆ ಕಡೆ ಮಾರಿ, ಒಬ್ಬಾಕಿ ಈ ಕಡೆ ಮಾರಿ ಮಾಡಿ ಕೂಡಬೇಕಂತ. ಕಾಸಿಂಬಿ ಮೂರ ಸಲ ತಪ್ಪ ಕಡೆ ತಿರುಗಿ ಕುಂತ್ಲು. ನಮ್ಮ ಕೈಯಾಗ ಒಂದ ಹುಡಿಗೀನೂ ಸಿಗಲಿಲ್ಲ. ಪದ್ಮವ್ವ ಬಂದು ನನ್ನ ಬೆನ್ನಿಗೆ ಹೊಡದು ಖೋ ಅಂದ್ಲು. ನಾ ಎದ್ದು ಓಡಿದ್ನಿ. ಕಂಬದ ಹತ್ರ ಹೋದಾಗ ನಿಂತ ಬಿಟ್ನಿ. ಕಾಸಿಂಬಿ ಎದ್ದು ಬಂದು, ನನ್ನ ಜಾಗಾದಾಗಿಂದ ಅಕಿ ಓಡಿದ್ಲು.

ಊರ ಗಂಡಸರು ಗ್ವಾಡಿ ಆಚೆ ನಿಂತು ನೋಡಿದ್ರು. ಬ್ಯಾಡ ಅಂತ ಬಾಯಿ ಬಿಟ್ಟು ಅನ್ನಾಕ ಅವರಿಗೆ ಬರಲಿಲ್ಲ, ನಾ ಅಲ್ಲೆ ಕುಂತಿದ್ನಲ್ಲ.

ಈಗ ದಿನಾ ಹೋಗ್ತೀವಿ. ಮಂಡಿ ನೋಯ್ತಾವ.

ರಾಮವ್ವ


ಬಾದಾಮಿ
೧೫ ಜೂನ್ ೨೦೨೫

ರಾಮವ್ವನವರಿಗೆ,

ಬಾಗಲಕೋಟಿಯ ಆದೇಶ ಬಂದದ. ಆಗಸ್ಟ್ ಮುಗಿಯೂದರೊಳಗ ಹಾಜರಾಗಬೇಕು.

ನೀವು ಬರದದ್ದರೊಳಗ ಒಂದೆರಡು ತಪ್ಪವ. ಬೆನ್ನಿಗೆ ಹೊಡದು ಆಮ್ಯಾಲೆ ಖೋ ಅಂದ್ರ ಫೌಲ್. ಮುಟ್ಟೂದು, ಅನ್ನೂದು ಎರಡೂ ಕೂಡೇ ಆಗಬೇಕು. ಖೋ ಬೀಳೂದಕ್ಕಿಂತ ಮೊದಲು ಎದ್ದರೂ ಫೌಲ್. ಜೋಹರಾ ಅದನ್ನ ಯಾವಾಗಲೂ ಮಾಡ್ತಾಳ, ಗೆಲ್ಲೂ ಅವಸರ ಅಕಿಗೆ. ಅಕಿ ಅಂಗಾಲು ಪೂರ್ತಿ ನೆಲಕ್ಕ ಹಚ್ಚಿ ಕೂಡಲಿ, ಏಳೂದು ಒಂದು ಗಳಿಗಿ ತಡಾ ಆಗ್ತದ. ಓಡೂ ಹುಡಿಗ್ಯಾರು ಬೆನ್ನ ಹತ್ತಿದವರ ಕಾಲು ನೋಡ್ತಾರ, ಹೆಗಲು ನೋಡಬೇಕು. ಹೆಗಲು ಮೊದಲು ತಿರುಗ್ತದ. ಮೊದಲಿಗೆ ಓಡೂ ಮೂರು ಮಂದಿ ಕೂತವರ ನಡುವ ಹಾವಿನಂಗ ಹಾದು ಓಡಲಿ, ದುಂಡಗ ಸುತ್ತು ಹೊಡೀಲಿಕ್ಕೆ ಹೋದ್ರ ಲಗೂನ ದಣೀತಾರ.

ಹತ್ತು ನಿಮಿಷಕ್ಕೊಮ್ಮೆ ನೀರು ಕುಡಸ್ರಿ. ಯಾರರೆ ಆಗೂದಿಲ್ಲ ಅಂದ್ರ ಕೂಡಸ್ರಿ. ಕಾರಣ ಕೇಳಬ್ಯಾಡ್ರಿ.

ಬರದು ಮುಗಿಸಿ ನೋಡಿದೆ, ಪುಟ ತುಂಬೇದ. ಜಯತೀರ್ಥ ಬಂದು ಏನು ಬರೀತಿ ಅಂದ. ಆಟದ್ದು ಅಂದೆ.

ಸುಲಭಾ


ಹಾಲದಿನ್ನಿ
೨೭ ಜುಲೈ ೨೦೨೫

ಅಕ್ಕೋರ,

ನೀವು ಬರದದ್ದನ್ನ ಹುಡಿಗ್ಯಾರಿಗೆ ಓದಿ ಹೇಳಿದ್ನಿ. ಮೂರ ಸಲ ಓದಿಸಿದ್ರು. ಎಂಟನೇತ್ತದವರ ಮನ್ಯಾಗೂ ಈಗ ಕಳಸಾಕ ಹತ್ಯಾರ, ನಮಗ ಒಂದಿಷ್ಟ ಬಿಡುವಾಗೇತಿ.

ಮನಿಯವರು ಬಂದಾರ. ಹೋದ ವಾರ ಅವರಿಗೆ ಎಲ್ಲಾ ಹೇಳಿದ್ನಿ, ಅಕಿ ನಂಗ ಹೇಳಿದ್ದು, ನಾ ಅಂದದ್ದು. ಅವರು ಎದ್ದು ಸಾಲಿ ಬಯಲಿಗೆ ಹೋಗಿ ಕಲ್ಲ ಆರಿಸಿ ಒಗದು ಬಂದ್ರು. ದಿನಾ ಮುಂಜಾನೆ ಹೋಗಿ ಆರಸ್ತಾರ. ನನ್ನ ಕೂಡ ಆ ಮಾತ ಮತ್ತ ಎತ್ತಿಲ್ಲ.

ಆಗಸ್ಟ್ ಇಪ್ಪತ್ತಕ್ಕ ಇಳಕಲ್ಲಿನ್ಯಾಗ ತಾಲೂಕು ಪಂದ್ಯ ಐತಿ. ತಿಳಸ್ಬೇಕನಿಸ್ತು, ತಿಳಸೀನಿ.

ರಾಮವ್ವ


ಬಾದಾಮಿ
೨೪ ಆಗಸ್ಟ್ ೨೦೨೫

ರಾಮವ್ವನವರಿಗೆ,

ನಾ ಇಳಕಲ್ಲಿಗೆ ಬಂದಿದ್ದೆ. ನೀವು ನೋಡಿರಲಿಕ್ಕಿಲ್ಲ. ನೀರಿನ ಟಾಕಿ ಹಿಂದ, ಬ್ಯಾರೆ ಸಾಲಿಯ ಮಂದಿ ನಡುವ ನಿಂತಿದ್ದೆ. ಹನ್ನೊಂದಕ್ಕ ಹೋಗಿಬಿಡಬೇಕು ಅಂತಿದ್ದೆ, ಕಾಲು ಏಳಲಿಲ್ಲ.

ಹುಡಿಗ್ಯಾರು ಚಲೋ ಆಡಿದ್ರು. ಕಡೀ ಪಾಳಿಯೊಳಗ ಸಮ ಆಗಲಿಕ್ಕೆ ಎರಡು ಅಂಕ ಬೇಕಿದ್ದಾಗ ಜೋಹರಾ ಖೋ ಬೀಳೂ ತನಕ ಏಳಲಿಲ್ಲ. ಎದ್ದಿದ್ರ ಆ ಹುಡಿಗಿ ಸಿಗತಿದ್ದಳು, ಪಂಚರು ನೋಡೂದೂ ಕಷ್ಟ ಇತ್ತು. ಅಕಿ ಏಳಲಿಲ್ಲ. ಎರಡು ಅಂಕದಿಂದ ಸೋತ್ರು. ಸೋತದ್ದಕ್ಕ ನನಗ ಕೆಟ್ಟ ಅನಿಸ್ತು. ಒಂದು ವರ್ಷದ ಮ್ಯಾಲೆ ಒಂದು ಸಣ್ಣ ವಿಷಯಕ್ಕ ಕೆಟ್ಟ ಅನಿಸ್ತು.

ನಿಮ್ಮ ತಂಡ ಯಾವುದು ಅಂತ ಬಾಜೂಕಿದ್ದ ಒಬ್ಬ ತಾಯಿ ಕೇಳಿದಳು. ಹಾಲದಿನ್ನಿ ಅಂದೆ. ನನ್ನ ಬಾಯಿಂದ ಬಂದದ್ದನ್ನ ನಾನ ಕೇಳಿದೆ. ಬಹುಮಾನ ಕೊಡೂದಕ್ಕ ಮೊದಲ ಬಸ್ಸು ಹತ್ತಿದೆ.

ಬಾಗಲಕೋಟಿಯ ಕೆಲಸ ಒಲ್ಲೆ ಅಂತ ನಿನ್ನೆ ಬರದು ಕೊಟ್ಟೆ. ಸೆಪ್ಟೆಂಬರ್ ಒಂದಕ್ಕ ಸಾಲಿಗೆ ಬರ್ತೇನಿ. ಬಯಲಿಗೆ ಇಳೀಲಿಕ್ಕೆ ಆಗ್ತದೋ ಇಲ್ಲೋ ಗೊತ್ತಿಲ್ಲ. ಆಗಲಿಲ್ಲಂದ್ರ ನಿಮಗ ಹೇಳ್ತೇನಿ.

ಸುಲಭಾ


ಹಾಲದಿನ್ನಿ
೨೯ ಆಗಸ್ಟ್ ೨೦೨೫

ಅಕ್ಕೋರ,

ನಾ ನೋಡಿದ್ನಿ. ತಲಿ ಮ್ಯಾಲೆ ಸೆರಗ ಹೊಚ್ಚಿಕೊಂಡಿದ್ರಿ. ಕರದ್ರ ಹೋಗಿಬಿಡ್ತೀರಿ ಅನಿಸಿ ಕರೀಲಿಲ್ಲ. ಹುಡಿಗ್ಯಾರೂ ನೋಡ್ಯಾರ. ಅತ್ತ ನೋಡಬ್ಯಾಡ್ರಿ ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಆಡಿದ್ರಂತ, ಆಮ್ಯಾಲೆ ತಿಳೀತು.

ಸೋತ ಮ್ಯಾಲೆ ಅವು ಅತ್ತಿದ್ದ ಅತ್ತಿದ್ದು. ಹೆಗಲ ಹಿಡಕೊಂಡು, ಗುಂಪ ಆಗಿ, ದೊಡ್ಡ ದನೀಲೆ. ಹೋದ ವರ್ಸ ಮಣ್ಣ ಕೊಡೂ ಮುಂದ ಈ ಹುಡಿಗ್ಯಾರು ಒಂದ ಹನಿ ಹಾಕಿರಲಿಲ್ಲ. ಅವಕ್ಕ ಹಿಂಗ ಅಳಾಕ ಬರತೈತಿ ಅನ್ನೂದ ನಂಗ ಗೊತ್ತಿರಲಿಲ್ಲ. ನಾ ಬಿಡಸ್ಲಿಲ್ಲ, ಅಳಲಿ ಅಂತ ಬಿಟ್ನಿ.

ಬರೂ ಮುಂದ ದಾರ್ಯಾಗ ಟೆಂಪೋ ನಿಲ್ಲಿಸಿ ಭಜಿ ತಗೊಂಡ್ವಿ. ಹುಡಿಗ್ಯಾರು ಯಾರೂ ಭಜಿ ಮುಟ್ಟವಲ್ರು. ಪದ್ಮವ್ವ ಮೆಣಸಿನಕಾಯಿ ಭಜಿ ಕಡದು, ಖಾರಕ್ಕ ಕಣ್ಣ ಮೂಗ ಒರಸಿಕೋತ, "ಹುಡಿಗ್ಯಾರನ್ನ ಕೂಡಸಿ ನಮ್ಮನ್ನ ಇಳಿಸಿದ್ರ ಗೆದ್ದ ಬರತಿದ್ವಿ" ಅಂದ್ಲು. ಅಕಿ ಚೇಷ್ಟಿಗೆ ಅಂದದ್ದಲ್ಲ. ಖರೇನ ಹಂಗ ತಿಳಕೊಂಡು ಅಂದ್ಲು. ಐದ ತಿಂಗಳ ಆಡಿ ಅಕಿ ಮುಟ್ಟಿದ್ದು ಒಂದ ಹುಡಿಗೀನ, ಅದೂ ಆ ಹುಡಿಗಿ ಚಪ್ಪಲಿ ಹುಡಕಾಕ ನಿಂತಾಗ. ಮದಲ ಜೋಹರಾ ನಕ್ಕಳು. ಆಮ್ಯಾಲೆ ಎಲ್ಲಾವೂ ನಗಾಕ ಹತ್ತಿದ್ವು, ಟೆಂಪೋ ಅಲಗ್ಯಾಡೂವಂಗ.

ನಾನೂ ನಕ್ಕಿದ್ನಿ. ನಕ್ಕದ್ದು ಗೊತ್ತಾದ ಕೂಡ್ಲೆ ಬಾಯಿಗೆ ಸೆರಗ ಒತ್ತಿ ಹಿಡಕೊಂಡ್ನಿ. ಕಾಸಿಂಬಿ ನನ್ನ ಬಾಜೂಕ ಕುಂತಿದ್ಲು. ನನ್ನ ಮಾರಿ ನೋಡಲಿಲ್ಲ, ಮುಂದ ದಾರಿನ ನೋಡಕೋತ, ನನ್ನ ಮುಂಗೈ ಹಿಡದು ಸಾವಕಾಶ ತೆಳಗ ಇಳಿಸಿದ್ಲು. ಹುನಗುಂದ ದಾಟೂ ಮಟಾ ಬಿಡಲಿಲ್ಲ.

ರಾಮವ್ವ